ಜಾರುವ ಹಿಮ, ಜಾರದ ಬಂಡೆ

ದಸರೆಯ ರಜೆಗೆ ಇನ್ನೂ ಒಂದು ವಾರವಿರುವಾಗ ನಮ್ಮ ನೆರೆಮನೆಯ ಕಾಲೇಜು ಹುಡುಗನೊಬ್ಬನು ಒಂದು ಚಿತ್ರಪತ್ರವನ್ನು ತಂದು ನಮ್ಮ ಮೇಜಿನ ಮೇಲಿಟ್ಟನು. ಸ್ವಿಟ್ಜರ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಅವನ ಸೋದರಮಾವ ಕಳುಹಿಸಿದ್ದಂತೆ. ಕಡಿದಾದ ಬಂಡೆಯ ನೆತ್ತಿಯ ಮೇಲೆ ಕುಳಿತ ಒಂದು ಹಳ್ಳಿ. ಮರದ ಮನೆಗಳ ಸೂರಿನ ಮೇಲೆ ಮೊಳದಷ್ಟು ಹಿಮ. ಬೀದಿಯಲ್ಲಿ ಮಕ್ಕಳನ್ನು ಕೂರಿಸಿ ಎಳೆಯುವ ಜಾರುಬಂಡಿ. ಹಿಂದಿನ ಇಳುಕಲಿನಲ್ಲಿ ಕಾಲಿಗೆ ಉದ್ದನೆಯ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಜಾರಿ ಬರುತ್ತಿರುವ ನಾಲ್ಕಾರು ಜನ. ಎಲ್ಲಿ ನೋಡಿದರೂ ಒಂದು ಮೋಟಾರುಗಾಡಿಯಿಲ್ಲ. "ಇಂಥ ರಜೆ ನಮಗೆಲ್ಲಿಂದ ಬರಬೇಕು, ಸಾರ್?" ಎಂದು ಹುಡುಗನು ನಿಟ್ಟುಸಿರುಬಿಟ್ಟನು.

ಆ ಹಳ್ಳಿಯ ಹೆಸರು ಮ್ಯೂರೆನ್. ಲೌಟರ್‌ಬ್ರುನ್ನೆನ್ ಎಂಬ ಆಳವಾದ ಕಣಿವೆಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ೧,೬೩೮ ಮೀಟರು ಎತ್ತರದಲ್ಲಿ ಅದು ನೆಲಸಿದೆ. ಅಲ್ಲಿಗೆ ಪ್ರವಾಸಿಗಳ ಕಾರು ಏರುವಂತಿಲ್ಲ. ತಂತಿಯ ಮೇಲೆ ತೂಗುವ ಗಾಡಿಯಲ್ಲಿಯೋ, ೧೮೯೧ರಲ್ಲಿ ಹಾಕಿದ ಪುಟ್ಟ ರೈಲುದಾರಿಯಲ್ಲಿಯೋ ಹೋಗಬೇಕು. ಹಿಮದ ಮೇಲೆ ಜಾರುವ ಆಟಕ್ಕೂ ಆ ಊರಿಗೂ ಹಳೆಯ ನಂಟು. ಕಂಬಗಳ ನಡುವೆ ಬಳುಕುತ್ತ ಇಳಿಯುವ ಸ್ಲಾಲಮ್ ಪಂದ್ಯವನ್ನು ಆರ್ನಲ್ಡ್ ಲನ್ ಎಂಬ ಆಂಗ್ಲನು ೧೯೨೨ರಲ್ಲಿ ಇಂದಿನ ರೂಪಕ್ಕೆ ತಂದದ್ದು ಅಲ್ಲಿ. ಪರ್ವತದ ಇಳುಕಲಿನ ಸ್ಕೀ ಆಟಗಳಿಗೆ ಮೊದಲ ಜಾಗತಿಕ ಪಂದ್ಯಾವಳಿ ೧೯೩೧ರಲ್ಲಿ ನೆರೆದದ್ದೂ ಅಲ್ಲಿಯೇ. ಗಾಡಿಗಳಿಲ್ಲದಿರುವುದು ಕಿವಿಗೆ ಮಾತ್ರ ಹಿತವೆಂದು ತಿಳಿಯಬಾರದು. ಹೊಗೆಯ ಮಸಿ ಕುಳಿತ ಹಿಮವು ಬಿಸಿಲನ್ನು ಹಿಂದಕ್ಕೆ ಚೆಲ್ಲುವ ಬದಲು ಹೀರಿಕೊಂಡು ಬೇಗನೆ ಕರಗುತ್ತದೆ. ಆದರೆ ಊರಿನ ಗಾಡಿಗಳನ್ನು ತಡೆದ ಮಾತ್ರಕ್ಕೆ ಹಿಮ ಉಳಿಯುವುದಿಲ್ಲವೆಂಬುದೂ ನಿಜ. ೨೦೨೨ ಮತ್ತು ೨೦೨೩, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಸುಮಾರು ಹತ್ತನೆಯ ಒಂದು ಪಾಲನ್ನು ಕಳೆದುಕೊಂಡವು. ಅದಕ್ಕೆ ಲೋಕದ ಒಲೆಗಳೆಲ್ಲವೂ ಹೊಣೆ.

ಕರ್ನಾಟಕದ ಯಾವ ಬೆಟ್ಟದಲ್ಲಿಯೂ ಸ್ಕೀ ಹಲಗೆಗೆ ಕೆಲಸವಿಲ್ಲ. ಅದನ್ನು ಕಲಿಯುವ ಆಸೆಯುಳ್ಳವರು ಕಾಶ್ಮೀರದ ಗುಲ್ಮರ್ಗಕ್ಕೋ ಉತ್ತರಾಖಂಡದ ಔಲಿಗೋ ಹೋಗಬೇಕು. ಎತ್ತರದಲ್ಲಿಯೂ ನಮಗೂ ಅವರಿಗೂ ಹೋಲಿಕೆಯಿಲ್ಲ: ಮಾಗಡಿಯ ಸಾವನದುರ್ಗದ ನೆತ್ತಿ ೧,೨೨೬ ಮೀಟರು, ಅಂದರೆ ಮ್ಯೂರೆನ್ನಿನ ಅಂಗಳಕ್ಕಿಂತಲೂ ತಗ್ಗು. ಆದರೆ ಒಂದು ವಸ್ತು ನಮ್ಮಲ್ಲಿಯೂ ಧಾರಾಳವಾಗಿ ಉಂಟು. ಅದು ಇಳುಕಲು; ಗಾಡಿ ಏರಲಾರದ, ನಡೆದೇ ಏರಬೇಕಾದ ಬರಿಯ ಬಂಡೆಯ ಇಳುಕಲು. "ಹಲಗೆ ಹಿಮದ ಮೇಲೆ ಏಕೆ ಜಾರುತ್ತದೆ, ನಿನ್ನ ಕಾಲು ಬಂಡೆಯ ಮೇಲೆ ಏಕೆ ಜಾರುವುದಿಲ್ಲ, ಎರಡನ್ನೂ ಒಂದೇ ರಜೆಯಲ್ಲಿ ನೋಡೋಣ, ಬಾ" ಎಂದೆವು. ಅವನು ತನ್ನ ಮೂವರು ಗೆಳೆಯರನ್ನು ಕೂಡಿಸಿದನು. ನಾಲ್ಕು ದಿನಕ್ಕೆ ನಾಲ್ಕು ತಾಲ್ಲೂಕುಗಳು: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಸಾಮಗ್ರಿಯೆಂದರೆ ನೀರಿನ ಬಾಟಲಿಗಳು, ಬುತ್ತಿ, ಮತ್ತು ಜ್ಯಾಮಿತಿಯ ಪೆಟ್ಟಿಗೆಯೊಳಗಿನ ಒಂದು ಕೋನಮಾಪಕ. ಅದರ ನಡುವಿಗೆ ದಾರ ಕಟ್ಟಿ, ದಾರದ ತುದಿಗೊಂದು ಹರಳು ಬಿಗಿದರೆ ಯಾವ ಇಳುಕಲನ್ನಾದರೂ ಅಳೆಯಬಹುದು.

ಮೊದಲು ಕಲ್ಲಿನ ಪರಿಚಯ. ರಾಮನಗರಕ್ಕೆ ಟೀಪುವಿನ ಕಾಲದಲ್ಲಿ ಶಂಸೇರಾಬಾದ್ ಎಂದೂ, ಆಮೇಲೆ ಮೈಸೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ ಎಂದೂ ಹೆಸರಿದ್ದಿತು. ಊರು ಆ ಹೆಸರನ್ನು ಬಿಟ್ಟಿತು, ಕಲ್ಲು ಬಿಡಲಿಲ್ಲ. ಭೂವಿಜ್ಞಾನದ ಗ್ರಂಥಗಳಲ್ಲಿ ಅದು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ೨೦೦೭ರಲ್ಲಿ ಈ ಸೀಮೆ ರಾಮನಗರ ಜಿಲ್ಲೆಯಾಯಿತು. ೨೦೨೫ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಕಲ್ಲಿನ ಹೆಸರನ್ನು ಬದಲಿಸುವ ಗೋಜಿಗೆ ಮಾತ್ರ ಯಾರೂ ಹೋಗಿಲ್ಲ. ತೆಂಕಣಿಂದ ಬಡಗಣಕ್ಕೆ ಸುಮಾರು ೪೦೦ ಕಿಲೋಮೀಟರು ಹಬ್ಬಿದ ಪಟ್ಟಿಯಿದು. ಅಗಲ ಇಪ್ಪತ್ತು ಮೂವತ್ತು ಕಿಲೋಮೀಟರು ಮಾತ್ರ. ಭೂಮಿಯ ಒಡಲಿನಲ್ಲಿ ಹಲವು ಕಿಲೋಮೀಟರು ಆಳದಲ್ಲಿ ಕರಗಿದ ಶಿಲಾದ್ರವವು ನಿಧಾನವಾಗಿ ತಣಿದು ಇದಾಗಿ ಸುಮಾರು ೨೫೦ ಕೋಟಿ ವರ್ಷಗಳಾದುವು. ಇದರ ಮುಂದೆ ಆಲ್ಪ್ಸ್ ಪರ್ವತಗಳು ನಿನ್ನೆ ಮೊನ್ನೆ ಹುಟ್ಟಿದ ಕೂಸುಗಳು. ಅವು ತಲೆಯೆತ್ತಿದ್ದು ಕಳೆದ ಕೆಲವೇ ಕೋಟಿ ವರ್ಷಗಳಲ್ಲಿ. ನಿಧಾನವಾಗಿ ತಣಿದುದರಿಂದಲೇ ಈ ಕಲ್ಲಿನ ಹರಳುಗಳು ದೊಡ್ಡವು. ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು ಹೆಬ್ಬೆರಳಿನ ಗಾತ್ರಕ್ಕೆ ಬೆಳೆದುದನ್ನು ಎಷ್ಟೋ ಕಡೆ ಕಾಣಬಹುದು. ಈ ಹರಳುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ಪ್ರಾಣ ಇವುಗಳ ಮೇಲೆ ನಿಲ್ಲಲಿದೆ.

ರಾಮದೇವರ ಬೆಟ್ಟಕ್ಕೆ ಮೆಟ್ಟಿಲುಗಳಿರುವುದರಿಂದ ಮೊದಲ ದಿನ ಕಾಲಿಗೆ ಪರೀಕ್ಷೆಯೇನೂ ಇರಲಿಲ್ಲ. ಹುಡುಗರು ೧೯೭೫ರಲ್ಲಿ ತೆರೆಕಂಡ 'ಶೋಲೆ' ಚಿತ್ರದ ಬಂಡೆಗಳನ್ನು ಹುಡುಕುವುದರಲ್ಲಿ ಮಗ್ನರಾಗಿದ್ದರು. ನಾವು ಅವರ ಗಮನವನ್ನು ಮೇಲಕ್ಕೆ ತಿರುಗಿಸಿದೆವು. ಬಂಡೆಯ ಗೋಡೆಯ ಎದುರಿಗೆ ಒಂದು ರಣಹದ್ದು ರೆಕ್ಕೆ ಬಡಿಯದೆ ಸುತ್ತುತ್ತ ಏರುತ್ತಿದ್ದಿತು. ಏರುತ್ತಿದ್ದಿತೆ? ವಿಚಾರಮಾಡಿ ನೋಡಿದರೆ ಅದು ಜಾರುತ್ತಿದ್ದಿತು. ದೊಡ್ಡ ರಣಹದ್ದು ರೆಕ್ಕೆಯನ್ನು ಚಾಚಿ ಸುಮ್ಮನಿದ್ದರೆ ಸುಮಾರು ೧೫ ಮೀಟರು ಮುಂದೆ ಸಾಗುವಷ್ಟರಲ್ಲಿ ೧ ಮೀಟರು ಕೆಳಗಿಳಿಯುತ್ತದೆ. ಕಣ್ಣಿಗೆ ಕಾಣದ, ನಾಲ್ಕು ಡಿಗ್ರಿಯಷ್ಟರ ಇಳುಕಲಿನಲ್ಲಿ ಅದು ಸದಾ ಜಾರುತ್ತಲೇ ಇರುತ್ತದೆ. ಆದರೆ ಕಾದ ಬಂಡೆಗೆ ತಗುಲಿ ಬಿಸಿಯಾದ ಗಾಳಿ ಮೇಲೇಳುವ ವೇಗವು ಹಕ್ಕಿ ಕೆಳಗಿಳಿಯುವ ವೇಗಕ್ಕಿಂತ ಹೆಚ್ಚಾದಾಗ ನಮ್ಮ ಕಣ್ಣಿಗೆ ಅದು ಏರಿದಂತೆ ತೋರುತ್ತದೆ. ಸ್ಕೀ ಹಲಗೆಯೂ ಒಳ್ಳೆಯ ಹಿಮದ ಮೇಲೆ ಮೂರು ನಾಲ್ಕು ಡಿಗ್ರಿಯ ಇಳುಕಲು ದೊರೆತರೆ ಜಾರುತ್ತಲೇ ಹೋಗುತ್ತದೆ ಎಂದು ಹೇಳಿದಾಗ ಹುಡುಗರಿಗೆ ಸೋಜಿಗವಾಯಿತು.

ಈ ಹಕ್ಕಿಗಳನ್ನು ಇಂದು ಕಾಣುವುದೇ ಒಂದು ಭಾಗ್ಯ. ದನಗಳಿಗೆ ನೋವಿನ ಮದ್ದಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ದೇಶದ ತುಂಬ ಅವುಗಳ ಸಂತತಿಯನ್ನೇ ಅಳಿವಿನ ಅಂಚಿಗೆ ತಂದಿತು. ಪಶುಚಿಕಿತ್ಸೆಯಲ್ಲಿ ಅದನ್ನು ೨೦೦೬ರಲ್ಲಿ ನಿಷೇಧಿಸಿದರು. ಉದ್ದಕೊಕ್ಕಿನ ರಣಹದ್ದು ಗೂಡುಕಟ್ಟುವ ಈ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಬಂಡೆಯೇರುವ ಉತ್ಸಾಹಿಗಳು ಗೂಡಿರುವ ಗೋಡೆಗಳಿಂದ ದೂರವಿರುವುದೇ ಲೇಸು. ಏರಲು ಬೇರೆ ಬಂಡೆಗಳು ಈ ನಾಡಿನಲ್ಲಿ ಬೇಕಾದಷ್ಟಿವೆ. ಗೂಡುಕಟ್ಟಲು ಹಕ್ಕಿಗೆ ಬೇರೆ ಜಾಗವಿಲ್ಲ.

ಅಲ್ಲಿಂದ ಚನ್ನಪಟ್ಟಣ ಹತ್ತಿರ. ಹಿಮದ ಗುಟ್ಟನ್ನು ತಿಳಿಯಲು ಬೊಂಬೆಗಳ ಊರಿಗೆ ಹೋಗುವುದೇತಕ್ಕೆಂದು ಹುಡುಗರು ನಕ್ಕರು. ಒಂದು ಚಿಕ್ಕ ಕಾರ್ಖಾನೆಯಲ್ಲಿ ಕುಶಲಕರ್ಮಿಯೊಬ್ಬರು ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆದು ಬುಗುರಿಯ ಆಕಾರಕ್ಕೆ ತಂದರು. ಅನಂತರ ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ಸುತ್ತುತ್ತಿರುವ ಮರಕ್ಕೆ ಒತ್ತಿ ಹಿಡಿದರು. ನೋಡನೋಡುತ್ತಿದ್ದಂತೆ ಅರಗು ಮೆತ್ತಗಾಗಿ ಮರದ ಮೈಗೆ ಹಳದಿಯ ಪಟ್ಟಿಯಾಗಿ ಹರಡಿತು. ಒಣಗರಿಯೊಂದನ್ನು ಒತ್ತಿದೊಡನೆಯೆ ಪಟ್ಟಿ ಕನ್ನಡಿಯಂತೆ ಹೊಳೆಯಿತು. "ಒಲೆ ಎಲ್ಲಿದೆ?" ಎಂದು ಹುಡುಗನೊಬ್ಬನು ಕೇಳಿದನು. "ಒಲೆ ಯಾಕೆ ಸಾರ್, ಉಜ್ಜಿದ್ರೆ ತಾನೇ ಕರಗುತ್ತೆ" ಎಂದರು ಅವರು. ಅವರ ಅಪ್ಪಣೆ ಪಡೆದು, ಲೇತನ್ನು ನಿಲ್ಲಿಸಿದ ಮೇಲೆ ನಮ್ಮ ಹುಡುಗನು ಅದೇ ಕಡ್ಡಿಯನ್ನು ಮರಕ್ಕೆ ತನ್ನ ಶಕ್ತಿಯನ್ನೆಲ್ಲ ಬಿಟ್ಟು ಒತ್ತಿದನು. ಮುಖ ಕೆಂಪಾಯಿತೇ ಹೊರತು ಮರಕ್ಕೆ ಒಂದು ಚೂರು ಅರಗೂ ಹತ್ತಲಿಲ್ಲ. ಮತ್ತೆ ಲೇತು ತಿರುಗಿತು; ಎರಡು ಬೆರಳುಗಳ ಒತ್ತಡವೇ ಸಾಕಾಯಿತು.

ಹಿಮದ ಮೇಲೆ ಹಲಗೆ ಜಾರುವುದೇಕೆಂಬ ಪ್ರಶ್ನೆಗೆ ಬಹುಕಾಲ ಪಠ್ಯಪುಸ್ತಕಗಳು ಕೊಡುತ್ತಿದ್ದ ಉತ್ತರವು ಆ ಹುಡುಗನು ಮಾಡಿದ ಮೊದಲ ಪ್ರಯತ್ನದಂತಹುದು. ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುತ್ತದೆ. ಆದಕಾರಣ ಮನುಷ್ಯನ ಭಾರಕ್ಕೆ ಹಿಮ ಕರಗಿ ನೀರಾಗಿ ಹಲಗೆ ಜಾರುತ್ತದೆ ಎಂದು ಅವು ಹೇಳುತ್ತಿದ್ದವು. ನಿಯಮ ಸರಿಯೇ. ಲೆಕ್ಕ ಮಾತ್ರ ಸರಿಹೋಗುವುದಿಲ್ಲ. ಕರಗುವ ಬಿಂದುವನ್ನು ಒಂದೇ ಒಂದು ಡಿಗ್ರಿ ಇಳಿಸಬೇಕಾದರೆ ಸುಮಾರು ೧೩೦ ವಾಯುಭಾರದಷ್ಟು ಒತ್ತಡ ಬೇಕು. ೭೦ ಕಿಲೋಗ್ರಾಮು ತೂಕದ ಮನುಷ್ಯನು ತಲಾ ೧೭೦ ಸೆಂಟಿಮೀಟರು ಉದ್ದ, ೮ ಸೆಂಟಿಮೀಟರು ಅಗಲದ ಎರಡು ಹಲಗೆಗಳ ಮೇಲೆ ನಿಂತರೆ ಬೀಳುವ ಒತ್ತಡವೆಷ್ಟೆಂದು ವಾಚಕರೇ ಗುಣಿಸಿ ನೋಡಲಿ: ಒಂದು ವಾಯುಭಾರದ ನಲವತ್ತನೆಯ ಒಂದು ಪಾಲು! ಹಿಮದ ಕಣಗಳ ತುದಿಗಳಷ್ಟೇ ಹಲಗೆಗೆ ತಾಗುವುದರಿಂದ ಅಲ್ಲಲ್ಲಿ ಒತ್ತಡ ಇದಕ್ಕಿಂತ ಬಹಳ ಹೆಚ್ಚಿರುವುದು ದಿಟ. ಆದರೂ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರುವ ಹಿಮದ ಮೇಲೆ ಜನರು ಸುಖವಾಗಿ ಜಾರುವುದನ್ನು ಇದರಿಂದ ವಿವರಿಸಲಾಗದು.

ಬೌಡನ್ ಮತ್ತು ಹ್ಯೂಸ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಪರೀಕ್ಷಿಸಲು ಮ್ಯೂರೆನ್ನಿನಿಂದ ಕಣ್ಣಿಗೆ ಕಾಣುವ ಪರ್ವತಸಾಲಿಗೇ ಹೋದರು. ಯುಂಗ್‌ಫ್ರಾವ್‌ಯೋಖ್ ಎಂಬ ಎತ್ತರದ ಕಣಿವೆದಾರಿಯಲ್ಲಿ ೧೯೩೧ರಿಂದ ಒಂದು ಸಂಶೋಧನಾಲಯವಿದೆ. ಅಲ್ಲಿ ಮಂಜುಗಡ್ಡೆಯನ್ನು ಕೊರೆದು ಮಾಡಿದ ಗವಿಯಲ್ಲಿ ನಾನಾ ವಸ್ತುಗಳ ಪುಟ್ಟ ಹಲಗೆಗಳನ್ನು ಎಳೆದು ನೋಡಿ ೧೯೩೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶಾಖವನ್ನು ಚೆನ್ನಾಗಿ ಒಯ್ಯುವ ಲೋಹದ ಹಲಗೆಗೆ ಘರ್ಷಣೆ ಹೆಚ್ಚು. ಶಾಖವನ್ನು ಒಯ್ಯದ ಹಲಗೆಗೆ ಕಡಿಮೆ. ಇದರ ಅರ್ಥ ಸ್ಪಷ್ಟ. ಹಲಗೆ ಹಿಮವನ್ನು ಉಜ್ಜುವಾಗ ಶಾಖ ಹುಟ್ಟುತ್ತದೆ. ಆ ಶಾಖ ಉಜ್ಜಿದ ಜಾಗದಲ್ಲಿಯೇ ನಿಂತರೆ ಹಿಮದ ತುದಿಗಳು ಕರಗಿ ತೆಳುವಾದ ನೀರಿನ ಪೊರೆಯಾಗುತ್ತದೆ. ಲೋಹವು ಅದನ್ನು ಕದ್ದೊಯ್ದರೆ ಪೊರೆ ಬೆಳೆಯದು. ಚನ್ನಪಟ್ಟಣದ ಅರಗಿನ ಕಡ್ಡಿ ಇದೇ ಕೆಲಸವನ್ನು ಸುಮಾರು ಎಪ್ಪತ್ತು ಎಂಬತ್ತು ಡಿಗ್ರಿಯ ಶಾಖದಲ್ಲಿ ಮಾಡಿದರೆ, ಹಿಮ ಸೊನ್ನೆ ಡಿಗ್ರಿಯಲ್ಲಿ ಮಾಡುತ್ತದೆ. ಇಷ್ಟಕ್ಕೇ ಕಥೆ ಮುಗಿಯಿತೆನ್ನುವಂತಿಲ್ಲ. ಮಂಜುಗಡ್ಡೆಯ ಮೈ ಕರಗುವ ಮೊದಲೇ ಸ್ವಲ್ಪ ಸಡಿಲವಾಗಿರಬೇಕೆಂದು ಮೈಕೇಲ್ ಫ್ಯಾರಡೆ ೧೮೫೦ರಲ್ಲಿಯೇ ಊಹಿಸಿದ್ದನು. ಹೊರಮೈಯ ಅಣುಗಳಿಗೆ ಒಳಗಿನವುಗಳಷ್ಟು ಬಂಧಗಳಿಲ್ಲದ ಕಾರಣ ಅವು ಹೆಚ್ಚು ಚಲಿಸಬಲ್ಲವೆಂದು ಇಂದಿನ ಸಂಶೋಧನೆ ಅವನ ಊಹೆಗೆ ಬೆಂಬಲ ಕೊಡುತ್ತದೆ. ಚಳಿ ಮೈನಸ್ ನಲವತ್ತಕ್ಕೆ ಇಳಿದಾಗ ಈ ಎರಡು ಉಪಾಯಗಳೂ ಸೋಲುತ್ತವೆ. ಆಗ ಹಿಮದ ಮೇಲೆ ಜಾರುಬಂಡಿಯನ್ನು ಎಳೆಯುವುದು ಮರಳಿನ ಮೇಲೆ ಎಳೆದಂತೆಯೇ ಎಂಬುದು ಧ್ರುವಯಾತ್ರಿಗಳ ಅನುಭವ.

ಮೂರನೆಯ ದಿನ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗ. ಕಡಿದಾದ ಹತ್ತುವಿಕೆ, ಕೋಟೆಯ ಅವಶೇಷ, ಬಿಸಿಲು. ಇವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಕೆಳಗಿನ ಕಲ್ಲುಗಣಿ. ಬೂದುಬಣ್ಣದ ಕಲ್ಲಿನಲ್ಲಿ ಅಲ್ಲಲ್ಲಿ ಎಣ್ಣೆ ಚೆಲ್ಲಿದಂತೆ ಕಪ್ಪುಹಸುರಿನ ಮಚ್ಚೆಗಳು. ಈ ಕಪ್ಪು ಕಲ್ಲು ಚಾರ್ನೊಕೈಟ್. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಗೋರಿಯ ಕಲ್ಲಿನಿಂದ ಬಂದ ಹೆಸರು. ಒಂದು ಕಲ್ಲು ಇನ್ನೊಂದಾಗುತ್ತಿರುವಾಗಲೇ ನಡುವೆ ನಿಂತುಹೋದ ದೃಶ್ಯವಿದೆಂದು ಗುರುತಿಸಿ ೧೯೬೦ರಲ್ಲಿ 'ನೇಚರ್' ಪತ್ರಿಕೆಗೆ ಬರೆದವರು ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು. ಅಂದಿನಿಂದ ಈ ಹಳ್ಳಿಯ ಹೆಸರು ಪ್ರಪಂಚದ ಭೂವಿಜ್ಞಾನಿಗಳಿಗೆಲ್ಲ ಪರಿಚಿತ. ಆಳದ ಶಾಖದಲ್ಲಿ ಅಭ್ರಕದಂತಹ ಖನಿಜಗಳು ತಮ್ಮೊಳಗಿನ ನೀರನ್ನು ಬಿಟ್ಟುಕೊಟ್ಟಾಗ ಕಲ್ಲು ಹೀಗೆ ಬಣ್ಣಗೆಡುತ್ತದೆ. ಮಾಗಡಿಯ ಕಡೆಯಿಂದ ಕಬ್ಬಾಳದ ಕಡೆಗೆ ಬಂದಂತೆಲ್ಲ ನಾವು ಭೂಮಿಯ ಹಳೆಯ ಒಡಲಿನಲ್ಲಿ ಹೆಚ್ಚು ಹೆಚ್ಚು ಆಳಕ್ಕೆ ನಡೆದಂತೆ. ಇಡೀ ಪಟ್ಟಿ ವಾಲಿ ಸವೆದಿರುವುದರಿಂದ ಹೀಗಾಗಿದೆ. ಇಳಿಯದೆಯೇ ಪಾತಾಳವನ್ನು ನೋಡುವ ಇಂಥ ಅನುಕೂಲ ಆಲ್ಪ್ಸ್‌ಗೆ ಹೋದವರಿಗೂ ಸುಲಭದಲ್ಲಿ ದೊರೆಯದು.

ಕಡೆಯ ದಿನ ಸಾವನದುರ್ಗ. ರಸ್ತೆ ತಪ್ಪಲಿನಲ್ಲಿ, ವೀರಭದ್ರ ಮತ್ತು ನರಸಿಂಹರ ಗುಡಿಗಳ ಬಳಿ, ಮುಗಿಯುತ್ತದೆ. ಮುಂದೆ ಕರಿಗುಡ್ಡ, ಬಿಳಿಗುಡ್ಡವೆಂಬ ಎರಡು ಮಹಾಶಿಲೆಗಳು. ಇದನ್ನು ಏಷ್ಯದಲ್ಲಿಯೇ ದೊಡ್ಡ ಏಕಶಿಲೆಯೆಂದು ಹೊಗಳುವವರುಂಟು. ೪೦೦ ಕಿಲೋಮೀಟರು ಹಬ್ಬಿದ ಕಲ್ಲಿನಲ್ಲಿ ಒಂದು ಬಂಡೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ಯಾರು ಹೇಳಬಲ್ಲರು? ನಮಗೆ ಇಂಥ ಬಿರುದುಗಳಲ್ಲಿ ಆಸಕ್ತಿಯಿಲ್ಲ. ಬಂಡೆಯ ಆಕಾರದಲ್ಲಿ ಉಂಟು. ಮೇಲಿದ್ದ ಕಲ್ಲುಮಣ್ಣುಗಳ ಭಾರವೆಲ್ಲ ಯುಗಯುಗಗಳಲ್ಲಿ ಸವೆದುಹೋದಾಗ, ಆಳದಲ್ಲಿ ಅದುಮಿಕೊಂಡಿದ್ದ ಗ್ರಾನೈಟು ಉಸಿರುಬಿಟ್ಟಂತೆ ಹಿಗ್ಗಿ, ಮೈಗೆ ಸಮನಾಗಿ ಪದರುಪದರಾಗಿ ಬಿರಿಯುತ್ತದೆ. ಈರುಳ್ಳಿಯ ಸಿಪ್ಪೆಯಂತೆ ಪದರುಗಳು ಕಳಚಿದಂತೆಲ್ಲ ಮೂಲೆಗಳು ಹೋಗಿ ಗುಮ್ಮಟವುಳಿಯುತ್ತದೆ. ಮಾಗಡಿಯ ಪಾಳೆಯಗಾರರು ಈ ಗುಮ್ಮಟವನ್ನು ನಂಬಿ ಕೋಟೆ ಕಟ್ಟಿದರು. ಟೀಪುವಿನ ದಂಡೂ ಇದನ್ನೇ ನಂಬಿದ್ದಿತು. ಕಾರ್ನ್‌ವಾಲಿಸನ ಸೈನ್ಯ ೧೭೯೧ರ ಡಿಸೆಂಬರ್ ೨೧ರಂದು ಕೋಟೆಯನ್ನು ಹಿಡಿಯಿತು.

ಮೊದಲ ಇಳುಕಲು ಕಂಡೊಡನೆಯೇ ಹುಡುಗರು ನಾಲ್ಕು ಕಾಲಿನ ಪ್ರಾಣಿಗಳಾದರು. ಕೈಯೂರಿ, ಎದೆಯನ್ನು ಬಂಡೆಗೆ ತಾಗಿಸುವಷ್ಟು ಬಾಗಿ ತೆವಳತೊಡಗಿದರು. ಆಗಲೇ ಒಬ್ಬನ ಕಾಲು ಜಾರಿತು. ನಿಂತು ನಡೆಯಿರೆಂದೆವು. ಭಯಪಟ್ಟವನಿಗೆ ಇದು ಹುಚ್ಚುಮಾತಾಗಿ ಕೇಳುತ್ತದೆ. ಆದರೆ ಕಾರಣ ಸರಳ. ನಮ್ಮ ತೂಕದ ಒಂದು ಪಾಲು ಪಾದವನ್ನು ಬಂಡೆಗೆ ಒತ್ತುತ್ತದೆ, ಇನ್ನೊಂದು ಪಾಲು ಇಳುಕಲಿನುದ್ದಕ್ಕೂ ಕೆಳಗೆ ಎಳೆಯುತ್ತದೆ. ಒತ್ತುವ ಪಾಲು ಹೆಚ್ಚಿದಷ್ಟೂ ಘರ್ಷಣೆಯ ಹಿಡಿತ ಹೆಚ್ಚು. ಬೆವರಿದ ಅಂಗೈಗಳನ್ನು ಮುಂದೆ ಊರಿದರೆ ಒತ್ತುವ ಭಾರದಲ್ಲಿ ಅವು ಭಾಗ ಕೇಳುತ್ತವೆ, ಆದರೆ ಎಳೆತವನ್ನು ತಡೆಯಲಾರವು. ಎಳೆತವೆಲ್ಲ ಹಗುರವಾದ ಪಾದದ ಮೇಲೆಯೇ ಬೀಳುತ್ತದೆ. ಹಿಮದ ಮೇಲೆ ಹೊಸಬನು ಹೆದರಿ ಹಿಂದಕ್ಕೆ ವಾಲಿದಾಗ ಆಗುವುದೂ ಇದೇ: ಹಲಗೆಯ ಮುಂತುದಿಯ ಮೇಲೆ ಭಾರ ತಪ್ಪಿ, ತಿರುಗಿಸಬೇಕೆಂದಾಗ ಅದು ತಿರುಗುವುದಿಲ್ಲ.

ಎಷ್ಟು ಕಡಿದಾದ ಇಳುಕಲಿನವರೆಗೆ ನಿಲ್ಲಬಹುದು? ಇದನ್ನು ಮನೆಯಲ್ಲಿಯೇ ಅಳೆಯಬಹುದು. ಒಂದು ಹಲಗೆಯ ಮೇಲೆ ರಬ್ಬರು ಅಟ್ಟೆಯ ಶೂ ಇಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿರಿ. ಶೂ ಜಾರುವ ಕ್ಷಣದಲ್ಲಿ ಎತ್ತರವನ್ನು ತಳದ ಉದ್ದದಿಂದ ಭಾಗಿಸಿದರೆ ಘರ್ಷಣೆಯ ಗುಣಾಂಕ ಬರುತ್ತದೆ. ಶೂವಿನೊಳಗೆ ಕಲ್ಲು ತುಂಬಿ ಭಾರಮಾಡಿದರೂ ಕೋನ ಹೆಚ್ಚುಕಡಿಮೆ ಅಷ್ಟೇ. ದಪ್ಪ ಮನುಷ್ಯನೂ ಸಣಕಲನೂ ಬಂಡೆಯ ಮೇಲೆ ಸಮಾನರು! ರಬ್ಬರು ಒಣಗಿದ ಒರಟು ಗ್ರಾನೈಟನ್ನು ತಾಗಿದಾಗ ಗುಣಾಂಕ ಸುಮಾರು ೦.೮, ಅಂದರೆ ೩೮ ಡಿಗ್ರಿಯವರೆಗೆ ಕಾಲು ನಿಲ್ಲುತ್ತದೆ. ಹಿಂದೆ ಹೇಳಿದ ಫೆಲ್ಡ್‌ಸ್ಪಾರ್ ಹರಳುಗಳ ಕೆಲಸವಿದು. ಸುತ್ತಲಿನ ಮೆದು ಖನಿಜಗಳು ಸವೆದು ಹರಳುಗಳು ಉಬ್ಬಿ ನಿಂತಿರುತ್ತವೆ. ಮೆತ್ತನೆಯ ರಬ್ಬರು ಅವುಗಳ ಸುತ್ತ ಅಚ್ಚೊತ್ತಿದಂತೆ ಕೂರುತ್ತದೆ. ಮೇಣ ಹಚ್ಚಿದ ಸ್ಕೀ ಹಲಗೆಗೆ ಹಿಮದ ಮೇಲೆ ಗುಣಾಂಕ ಸುಮಾರು ೦.೦೫, ಅಂದರೆ ಮೂರು ಡಿಗ್ರಿ. ನಮ್ಮ ಕೋನಮಾಪಕ ದಾರಿಯ ಅತಿ ಕಡಿದಾದ ಜಾಗದಲ್ಲಿ ೩೨ ಡಿಗ್ರ‍ಿ ತೋರಿಸಿತು. ಇದನ್ನು ಕಣ್ಣಾರೆ ಕಂಡ ಮೇಲೆ ಹುಡುಗರು ಎದ್ದು ನಿಂತರು. ಮಧ್ಯಾಹ್ನದ ಹೊತ್ತಿಗೆ, ಕೋಟೆಯ ಗೋಡೆಗಳನ್ನು ದಾಟಿ, ನೆತ್ತಿಯ ನಂದಿಯ ಬಳಿ ಬುತ್ತಿ ಬಿಚ್ಚಿದ್ದೆವು. ಕೆಳಗೆ ಮಂಚನಬೆಲೆಯ ಜಲಾಶಯ ಹೊಳೆಯುತ್ತಿದ್ದಿತು.

ಮೋಡ ಆ ಕಡೆಯಿಂದಲೇ ಬಂದಿತು. ಮಳೆ ಸುರಿದದ್ದು ಕಾಲು ಗಂಟೆಯೂ ಇಲ್ಲ. ನಿಂತೊಡನೆಯೆ ಬಿಸಿಲು ಬಿದ್ದಿತು. ಬಂಡೆ ಹೊಗೆಯಾಡುತ್ತ ಒಣಗತೊಡಗಿತು. ಇನ್ನೊಂದು ಗಂಟೆ ಕೂರಬೇಕಾಗಿತ್ತು. ಸಂಜೆಯ ಬಸ್ಸಿನ ಯೋಚನೆಯಲ್ಲಿ ನಾವು ಇಳಿಯಲು ಒಪ್ಪಿದೆವು. ಇದು ನಮ್ಮದೇ ತಪ್ಪು. ಅರ್ಧ ದಾರಿಯಲ್ಲಿ ಮೇಕೆ ಕಾಯುವ ಮುದುಕನೊಬ್ಬನು ಕೋಟೆಗೋಡೆಯ ನೆರಳಿನಿಂದ ಕೂಗಿ ಹೇಳಿದನು: "ಬಿಳೀದ್ರ ಮೇಲೆ ಕಾಲಿಡಿ ಸ್ವಾಮಿ, ಕರೇದನ್ನ ನಂಬ್‌ಬ್ಯಾಡಿ!" ಆ ಮಾತು ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಮುಂದಿದ್ದ ಹುಡುಗನು, ಚಿತ್ರಪತ್ರ ತಂದವನೇ, ಒಂದು ಕಪ್ಪು ಪಟ್ಟಿಯ ಮೇಲೆ ಹೆಜ್ಜೆಯಿಟ್ಟಿದ್ದನು.

ಸಾವನದುರ್ಗದ ಬಂಡೆಯ ಮೇಲಿಂದ ಕೆಳಕ್ಕೆ ಇಳಿಬಿದ್ದಿರುವ ಆ ಕಪ್ಪು ಪಟ್ಟಿಗಳು ಕಲ್ಲಿನ ಬಣ್ಣವಲ್ಲ. ಮಳೆನೀರು ಹರಿಯುವ ಜಾಡಿನಲ್ಲಿ ನೆಲೆಸಿದ ಜೀವಿಗಳವು: ನೀಲಿಹಸುರು ಪಾಚಿಗಳು. ಹೆಸರಿಗೆ ಪಾಚಿ, ಇಂದಿನ ವರ್ಗೀಕರಣದಲ್ಲಿ ಅವು ಬ್ಯಾಕ್ಟೀರಿಯಗಳು. ಬೇಸಗೆಯಲ್ಲಿ ಸುಟ್ಟ ಹೊಪ್ಪಳೆಯಂತೆ ಒಣಗಿ, ಕಾದ ಬಂಡೆಗೆ ಅಂಟಿ ತಿಂಗಳುಗಟ್ಟಲೆ ಸತ್ತಂತಿರುತ್ತವೆ. ಹನಿ ಬಿದ್ದೊಡನೆಯೆ ಅವುಗಳನ್ನು ಸುತ್ತಿರುವ ಲೋಳೆಯ ಕವಚ ನೀರು ಹೀರಿ ಉಬ್ಬುತ್ತದೆ, ಹರಳುಗಳ ನಡುವಿನ ತಗ್ಗುಗಳನ್ನು ತುಂಬುತ್ತದೆ. ಆಗ ರಬ್ಬರಿಗೆ ಸಿಕ್ಕುವುದು ಕಲ್ಲಲ್ಲ, ಲೋಳೆ. ಗುಣಾಂಕ ೦.೮ರಿಂದ ೦.೨ಕ್ಕೆ ಇಳಿದರೆ ೧೧ ಡಿಗ್ರಿಯ ಮೇಲೆ ಕಾಲು ನಿಲ್ಲದು. ಬಿಳಿಯ ಬಂಡೆ ಒಣಗಿದ ಮೇಲೂ ಈ ಲೋಳೆ ತನ್ನ ನೀರನ್ನು ಬಹಳ ಹೊತ್ತು ಬಿಡುವುದಿಲ್ಲ.

ಹುಡುಗನು ಜಾರಿದ ಜಾಗದ ಇಳುಕಲು ೨೮ ಡಿಗ್ರಿ. ಕುಳಿತ ಭಂಗಿಯಲ್ಲಿಯೇ ಆರು ಮೀಟರಿನಷ್ಟು ಹೋಗಿ, ಬಂಡೆಯ ಬಿರುಕಿನಲ್ಲಿ ಬೆಳೆದ ಹುಲ್ಲಿನ ಬುಡಕ್ಕೆ ಹಿಮ್ಮಡಿ ತಾಗಿ ನಿಂತನು. ಮೇಲಿನ ಗುಣಾಂಕವನ್ನಿಟ್ಟುಕೊಂಡು ಲೆಕ್ಕಹಾಕಿದರೆ ಅದಕ್ಕೆ ತಗುಲುವ ಕಾಲ ಎರಡು ಸೆಕೆಂಡು. ಕೊನೆಯ ವೇಗ ಗಂಟೆಗೆ ೨೧ ಕಿಲೋಮೀಟರು. ಆ ಎರಡು ಸೆಕೆಂಡುಗಳಲ್ಲಿ ನಾವು ಮಾಡಬಹುದಾದುದು ಏನೂ ಇರಲಿಲ್ಲ. ಬಳಿಗೆ ಹೋಗಿ ನೋಡಿದಾಗ ಅಂಗೈಗಳು ಸುಲಿದಿದ್ದವು, ಒಂದು ಮಣಿಕಟ್ಟು ಊದಿದ್ದಿತು. ಹುಡುಗನು ಕೆಳಗಿನ ದಿಕ್ಕನ್ನೇ ನೋಡುತ್ತಿದ್ದನು. ನಾವೂ ನೋಡಿದೆವು. ಸ್ಕೀ ಆಡುವ ಹಿಮದ ಇಳುಕಲುಗಳು ಸಾಮಾನ್ಯವಾಗಿ ಮೊರದಂತೆ. ಕೆಳಗೆ ಬಂದಂತೆ ಮಟ್ಟವಾಗುತ್ತವೆ, ಬಿದ್ದವನನ್ನು ತಾವೇ ನಿಲ್ಲಿಸುತ್ತವೆ. ಪದರು ಕಳಚಿದ ಗುಮ್ಮಟ ಮಡಕೆಯನ್ನು ಬೋರಲುಹಾಕಿದಂತೆ. ಮೇಲೆ ಮಟ್ಟ, ಕೆಳಗೆ ಹೋದಂತೆ ಕಡಿದು. ಆ ಹುಲ್ಲಿನ ಬುಡದಿಂದ ಇಪ್ಪತ್ತು ಹೆಜ್ಜೆ ಮುಂದೆ ಬಂಡೆ ಬಾಗಿ ಕಣ್ಣಿಗೆ ಕಾಣದಾಗಿದ್ದಿತು. ಅದರಾಚೆ ಮರಗಳ ತಲೆಗಳಷ್ಟೇ ಕಾಣುತ್ತಿದ್ದವು.

ಅಲ್ಲಿಯೇ ಕುಳಿತೆವು. ಮುದುಕನು ಬಂದು, ಬುತ್ತಿ ಕಟ್ಟಿದ್ದ ಬಟ್ಟೆಯನ್ನು ಹರಿದು ಹುಡುಗನ ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿ, ಬಯ್ಯದೆ, ಬೀಡಿ ಹಚ್ಚಿ ಕುಳಿತನು. ಬಿಳಿಯ ಬಂಡೆ ಮೊದಲು ಒಣಗಿತು. ಅದರ ಮೇಲೆಯೇ, ಮುದುಕನು ತೋರಿಸಿದ ಅಂಕುಡೊಂಕಿನ ದಾರಿಯಲ್ಲಿ, ಒಂದೂವರೆ ಗಂಟೆಯ ಅನಂತರ ಇಳಿದೆವು. ಬಸ್ಸು ತಪ್ಪಿತು. ರಾತ್ರಿ ತಪ್ಪಲಿನ ಹಳ್ಳಿಯಲ್ಲಿ ತಂಗಿದೆವು; ಗಾಡಿಗಳ ಸದ್ದಿಲ್ಲದ ರಾತ್ರಿಯೂ ಹೀಗೆ ನಮಗೆ ದೊರೆಯಿತು.

ಬೆಳಿಗ್ಗೆ ಆಕಾಶ ತಿಳಿಯಾಗಿದ್ದಿತು. ಆ ಜಾಗವನ್ನು ಇನ್ನೊಮ್ಮೆ ನೋಡಬೇಕೆಂದು ಹುಡುಗನೇ ಹಟಹಿಡಿದನು. ಬಿಸಿಲೇರಿದ ಮೇಲೆ ನಿಧಾನವಾಗಿ ಹತ್ತಿದೆವು. ಆ ಕಪ್ಪು ಪಟ್ಟಿಯ ಅಗಲ ಮೂರು ಗೇಣೂ ಇರಲಿಲ್ಲ. ಬೆರಳಿನಿಂದ ಉಜ್ಜಿದರೆ ಉಪ್ಪುಕಾಗದದಂತೆ ಒರಟು. ಅವನು ಗೆಳೆಯನ ಭುಜವನ್ನು ಹಿಡಿದು ಅದರ ಮೇಲೆ ಒಂದು ಕಾಲಿಟ್ಟನು, ಅನಂತರ ಇನ್ನೊಂದು. ಕೊನೆಗೆ ಭುಜವನ್ನು ಬಿಟ್ಟು ನೆಟ್ಟಗೆ ನಿಂತನು. ಕಾಲು ಜಾರಲಿಲ್ಲ.